ಬೆಲೆ ಬಿತ್ತು, ಬೀಜ ಬದಲಾಯಿತು

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಕಡಲ ದಂಡೆಯ ಆ ಊರಿನ ಮಳೆಗೂ ಹತ್ತಿ ಗಿಡಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಆದರೂ ಮುಂಬಯಿ ಮತ್ತು ಲಿವರ್‌ಪೂಲ್ ಪೇಟೆಗಳಲ್ಲಿ ಧಾರವಾಡ ಸೀಮೆಯ ಜವಾರಿ ಹತ್ತಿಗೆ ಬಹುಕಾಲ ಇದ್ದ ಹೆಸರು 'ಕುಮಟಾ'. ಎರೆ ಹೊಲಗಳಲ್ಲಿ ಬೆಳೆದ ಹತ್ತಿ ಹೇರು ಹೊತ್ತ ಎತ್ತುಗಳ ಮೇಲೆ, ಆಮೇಲೆ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಅಲ್ಲಿಂದ ಹಾಯಿ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಕೊಳ್ಳುವವನಿಗೆ ಕಂಡದ್ದು ಬಂದರು ಮಾತ್ರ. ಹೀಗಾಗಿ ಬೆಳೆದವನ ಊರಿನ ಹೆಸರು ಹೋಗಿ ಸಾಗಿಸಿದ ಊರಿನ ಹೆಸರು ನಿಂತಿತು.

ಈ ಹೆಸರಿನೊಳಗೆ ಒಂದು ದೊಡ್ಡ ಕಥೆಯ ಸುಳಿವಿದೆ. ಹತ್ತಿ ಹೊಟ್ಟೆಗೆ ತಿನ್ನುವ ಬೆಳೆಯಲ್ಲ. ಬಿತ್ತಿದ ದಿನದಿಂದಲೂ ಅದು ಪೇಟೆಯನ್ನು ನೋಡುವ ಬೆಳೆ. ಆ ಪೇಟೆಯ ಧಾರಣೆ ಕುಸಿದಾಗಲೆಲ್ಲ ಧಾರವಾಡ ಸೀಮೆಯ ಒಕ್ಕಲಿಗ ಮಾಡಿದ ಕೆಲಸ ಒಂದೇ: ಬೀಜ ಬದಲಿಸಿದ. ಜವಾರಿಯಿಂದ ಅಮೆರಿಕನ್, ಅಮೆರಿಕನ್‌ನಿಂದ ಮತ್ತೆ ಜವಾರಿ, ಅಲ್ಲಿಂದ ಜಯವಂತ, ಲಕ್ಷ್ಮಿ, ವರಲಕ್ಷ್ಮಿ, ಡಿಸಿಎಚ್, ಬಿಟಿ ಎಂದು ಈ ಸರಪಳಿ ನೂರೆಂಬತ್ತು ವರ್ಷಗಳ ಉದ್ದಕ್ಕೆ ಹಬ್ಬಿದೆ. ರೈತರು ಕುರಿಮಂದೆಯಂತೆ ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆಂದು ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ. ಆದರೆ ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಬಿಡಿಸಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ಧಾರಣೆ ಬಿದ್ದ ವರ್ಷ ರೈತನ ಹೊಲ ದೊಡ್ಡದಾಗುವುದಿಲ್ಲ. ಕಂದಾಯ, ಸಾಲದ ಬಡ್ಡಿ, ಮನೆಯ ಖರ್ಚು ಸಣ್ಣದಾಗುವುದಿಲ್ಲ. ಅವನ ಮುಂದೆ ಇರುವ ದಾರಿಗಳು ಮೂರು. ಎಕರೆಗೆ ಹೆಚ್ಚು ಇಳುವರಿ ಕೊಡುವ ತಳಿ ಹುಡುಕುವುದು ಒಂದು. ಕ್ವಿಂಟಲಿಗೆ ಹೆಚ್ಚು ಹಣ ತರುವ, ಅಂದರೆ ಎಳೆ ಉದ್ದವಾಗಿರುವ ತಳಿ ಹುಡುಕುವುದು ಎರಡನೆಯದು. ಖರ್ಚು ಕಡಿಮೆ ಬೇಡುವ, ರೋಗ ತಾಳುವ ತಳಿಗೆ ಮರಳುವುದು ಮೂರನೆಯದು. ಮೂರೂ ವಿವೇಕದ ದಾರಿಗಳೇ. ತೊಡಕು ಇರುವುದು ಇನ್ನೊಂದು ಕಡೆ: ಒಬ್ಬನಿಗೆ ಹೊಳೆದ ವಿವೇಕ ಊರಿಗೆಲ್ಲ ಹೊಳೆದಾಗ ಹೊಸ ತಳಿಯ ಹತ್ತಿಯೂ ಪೇಟೆಯಲ್ಲಿ ರಾಶಿ ಬೀಳುತ್ತದೆ. ಮೊದಲು ಬಿತ್ತಿದವನಿಗೆ ಲಾಭ, ಕೊನೆಗೆ ಬಿತ್ತಿದವನಿಗೆ ಸಾಲ.

ಅಮೆರಿಕದಿಂದ ಬಂದ ಬೀಜ

ಲ್ಯಾಂಕಶೈರಿನ ಬಟ್ಟೆ ಗಿರಣಿಗಳು ಹತ್ತಿಗೆ ಅಮೆರಿಕವನ್ನು ನೆಚ್ಚಿಕೊಂಡಿದ್ದ ಕಾಲ. ಒಂದೇ ದೇಶವನ್ನು ನಂಬಿ ಕೂರುವುದು ಅಪಾಯವೆಂದು ಅಲ್ಲಿನ ಮಾಲೀಕರಿಗೆ ಅನ್ನಿಸಿತ್ತು. ಅವರ ಒತ್ತಾಯಕ್ಕೆ ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಅವರಲ್ಲೊಬ್ಬನಾದ ಮರ್ಸರ್ ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಸರ್ಕಾರಿ ಪ್ರಯೋಗ ಕ್ಷೇತ್ರ ನಡೆಸಿದ. ನ್ಯೂ ಆರ್ಲಿಯನ್ಸ್ ಜಾತಿಯ ಬೀಜ ಎರೆ ನೆಲದಲ್ಲಿ ಬೇರುಬಿಟ್ಟಿತು. ಅಂದಿನ ಧಾರವಾಡದ ಕಲೆಕ್ಟರ್ ಶಾ ಅದನ್ನು ರೈತರ ಹೊಲಗಳಿಗೆ ಹಬ್ಬಿಸಲು ಮುತುವರ್ಜಿ ವಹಿಸಿದ. ಈ ಹತ್ತಿಗೆ ಪೇಟೆಯಲ್ಲಿ 'ಧಾರವಾಡ-ಅಮೆರಿಕನ್' ಎಂಬ ಹೆಸರಾಯಿತು.

ಕೆಲವು ವರ್ಷ ಬೇಸಾಯ ಮಾಡಿದ ಮರ್ಸರ್ 1845ರಲ್ಲಿ ಸರ್ಕಾರಕ್ಕೆ ತಿಳಿಸಿದ ಅಭಿಪ್ರಾಯ ಇಂದಿಗೂ ಓದತಕ್ಕದ್ದು. ಪ್ರಯೋಗ ಕ್ಷೇತ್ರಗಳು ದಂಡದ ಖರ್ಚು. ಅಮೆರಿಕದ ಬೇಸಾಯ ಪದ್ಧತಿ ಈ ದೇಶಕ್ಕೆ ಒಗ್ಗದು. ಇಲ್ಲಿನ ಹವೆ ಮತ್ತು ನೆಲದ ಗುಣ ಬಲ್ಲ ರೈತರು ಯಾವ ಯೂರೋಪಿಯನ್ನನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲರು ಎಂಬುದು ಅದರ ಸಾರ. ಕಲಿಸಲು ಬಂದವನು ಕಲಿತುಕೊಂಡು ಹೋದ.

ರೈತ ಮಾತ್ರ ಹೊಸ ಬೀಜವನ್ನು ಅಳೆದು ನೋಡಿಯೇ ಒಪ್ಪಿದ. ಜವಾರಿ ಹತ್ತಿಯ ಕಾಳು ಸುಲಭವಾಗಿ ಬಿಡುತ್ತಿತ್ತು. ಚಪ್ಪಟೆ ಕಲ್ಲಿನ ಮೇಲೆ ಅರಳೆ ಹರವಿ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಹೆಂಗಸರು ಮನೆಯಲ್ಲೇ ಕಾಳು ಬೇರ್ಪಡಿಸುತ್ತಿದ್ದರು. ಕಾಳು ಎತ್ತಿನ ಬಾಯಿಗೆ, ಅರಳೆ ಪೇಟೆಗೆ. ಅಮೆರಿಕನ್ ಹತ್ತಿಯ ಎಳೆಯಾದರೋ ಕಾಳನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. ಕಾಲಿನ ಸಲಾಕೆಗೆ ಬಗ್ಗುವಂತಿರಲಿಲ್ಲ. ಅದಕ್ಕೆ ಗರಗಸದ ಹಲ್ಲುಗಳಿರುವ ಜಿನ್ ಯಂತ್ರವೇ ಬೇಕು. ಸರ್ಕಾರ ಧಾರವಾಡದಲ್ಲಿ ಜಿನ್ ಕಾರ್ಖಾನೆಯನ್ನೇ ತೆರೆಯಬೇಕಾಯಿತು. ಬೀಜ ಬದಲಾಯಿತೆಂದರೆ ಬೀಜ ಒಂದೇ ಬದಲಾಗುವುದಿಲ್ಲ. ಯಂತ್ರ, ದುಡಿಮೆ, ಎತ್ತಿನ ಮೇವು, ಕೊಳ್ಳುವವನು ಎಲ್ಲವೂ ಬದಲಾಗಬೇಕು. ಈ ತಂತ್ರಗಳು ಕೂಡಿಬಂದ ಮೇಲೆ, 1860ರ ದಶಕದ ಆರಂಭದ ಹೊತ್ತಿಗೆ, ಧಾರವಾಡ-ಅಮೆರಿಕನ್ ಹತ್ತಿಯ ವಿಸ್ತೀರ್ಣ ಲಕ್ಷ ಎಕರೆ ಮೀರಿತ್ತು.

ಅಷ್ಟರಲ್ಲಿ 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಬಿತ್ತು. ಲಿವರ್‌ಪೂಲಿಗೆ ಅಮೆರಿಕದ ಹತ್ತಿ ನಿಂತು, ಮುಂಬಯಿ ಧಾರಣೆ ಹಲವು ಪಟ್ಟು ಜಿಗಿಯಿತು. ಧಾರವಾಡದ ಹತ್ತಿ ಹೊರಹೋಗಲು ಒಳ್ಳೆಯ ಬಂದರು ಬೇಕೆಂಬ ಕಾರಣಕ್ಕೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರ ಬಂದರಿನ ಕೆಲಸ ಚುರುಕಾಯಿತು. ಜೋಳದ ಹೊಲಗಳೂ ಹತ್ತಿಗೆ ತಿರುಗಿದವು. ಎಂಥ ಅರಳೆಗೂ ಗಿರಾಕಿ ಇದ್ದಾನೆಂದ ಮೇಲೆ ಜವಾರಿ, ಅಮೆರಿಕನ್, ಕಸ, ಕಾಳು ಎಲ್ಲವನ್ನೂ ಬೆರೆಸಿ ಅಂಡಿಗೆ ಕಟ್ಟುವ ವ್ಯಾಪಾರವೂ ಬೆಳೆಯಿತು. ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ಕಾಯಿದೆಯನ್ನೇ ತರಬೇಕಾಯಿತು.

1865ರಲ್ಲಿ ಯುದ್ಧ ಮುಗಿಯಿತು. ಧಾರಣೆ ಕುಸಿಯಿತು. ಮುಂಬಯಿಯಲ್ಲಿ ಬ್ಯಾಂಕುಗಳೂ ಷೇರು ಕಂಪನಿಗಳೂ ನೆಲಕಚ್ಚಿದ ಕಥೆ ಪ್ರಸಿದ್ಧವಾದದ್ದು. ಧಾರವಾಡದ ಹಳ್ಳಿಗಳಲ್ಲಿ ನಡೆದದ್ದು ಅಷ್ಟು ಪ್ರಸಿದ್ಧವಲ್ಲ. ಅಮೆರಿಕನ್ ಹತ್ತಿಗೆ ಹೆಚ್ಚಿನ ಬೆಲೆ ಸಿಗುತ್ತಿದ್ದುದರಿಂದ ಅದರ ಕೊರತೆಗಳನ್ನು ರೈತರು ಸಹಿಸಿದ್ದರು. ಎಲೆ ಕೆಂಪಾಗಿ ಗಿಡ ಬಾಡುವ ರೋಗ ಅದಕ್ಕೆ ಬೇಗ ತಗುಲುತ್ತಿತ್ತು. ಜಿನ್ನುಗಳಲ್ಲಿ ಎರಡು ಜಾತಿಯ ಕಾಳು ಬೆರೆತು ಬಿತ್ತನೆಗೂ ಬೆರಕೆ ಬೀಜವೇ ಬರುತ್ತಿತ್ತು. ಹೆಚ್ಚಿನ ಬೆಲೆಯೇ ಇಲ್ಲದ ಮೇಲೆ ಇದನ್ನೆಲ್ಲ ಸಹಿಸುವುದೇಕೆ? ಅನೇಕರು ಕಡಿಮೆ ಖರ್ಚಿನ ಜವಾರಿಗೆ ಮರಳಿದರು. ಕೆಲವರು ಎರಡನ್ನೂ ಉಳಿಸಿಕೊಂಡರು. ಇದನ್ನು ಹಿಂದುಳಿದ ಬುದ್ಧಿ ಎಂದು ಕರೆದ ಅಧಿಕಾರಿಗಳಿದ್ದರು. ಅಪಾಯವನ್ನು ಹಂಚಿಕೊಳ್ಳುವ ಜಾಣ್ಮೆ ಎಂದರೆ ಸತ್ಯಕ್ಕೆ ಹತ್ತಿರವಾದೀತು.

ಬೀಜವನ್ನೇನೋ ಹೀಗೆ ಹಿಂದಕ್ಕೆ ಪಡೆಯಬಹುದಾಗಿತ್ತು. ಆದರೆ ಏರಿದ ಧಾರಣೆಯನ್ನು ನಂಬಿ ಮಾಡಿದ ಸಾಲ ಹಿಂದಕ್ಕೆ ಹೋಗಲಿಲ್ಲ. ಅದರ ಮೇಲೆ 1870ರ ದಶಕದಲ್ಲಿ ಭೂಕಂದಾಯದ ಪರಿಷ್ಕರಣೆ ಬಂತು. ಹಿಂದಿನ ಮೂವತ್ತು ವರ್ಷಗಳಲ್ಲಿ ಬೆಲೆಗಳು ಏರಿವೆ, ರೈತ ಸುಧಾರಿಸಿದ್ದಾನೆ ಎಂಬ ತರ್ಕದ ಮೇಲೆ ಕಂದಾಯ ಏರಿಸಲಾಯಿತು. ಏರಿದ ಕಾಲವನ್ನು ನೋಡಿ ಹಾಕಿದ ಲೆಕ್ಕವನ್ನು ಇಳಿದ ಕಾಲದಲ್ಲಿ ಕಟ್ಟಬೇಕಾಯಿತು. ಅದರ ಬೆನ್ನಿಗೇ 1876ರಿಂದ 1878ರವರೆಗಿನ ಮಹಾಕ್ಷಾಮ ಬಡಿಯಿತು. ಏರಿದ ಕಾಲದ ಲೆಕ್ಕ, ಇಳಿದ ಕಾಲದ ವಸೂಲಿ ಎಂಬ ಈ ಜೋಡಿಯನ್ನು ಓದುಗರು ನೆನಪಿನಲ್ಲಿಡಬೇಕು. ನೂರು ವರ್ಷಗಳ ನಂತರ ಅದೇ ನೆಲದಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ಬೀಜದ ಜತೆಗೆ ಮಾರಾಟವೂ

1880ರ ದಶಕದಲ್ಲಿ ರೈಲು ಬಂತು. ಹುಬ್ಬಳ್ಳಿ, ಗದಗಗಳು ಹತ್ತಿ ಪೇಟೆಗಳಾಗಿ ಬೆಳೆದವು. ಕುಮಟಾ ಬಂದರಿನ ಹತ್ತಿ ವ್ಯಾಪಾರ ಬತ್ತಿತು. ಹತ್ತಿಯ ಹೆಸರು ಮಾತ್ರ ಉಳಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೃಷಿ ಇಲಾಖೆಯ ತಳಿಗಾರರು ಹೊರಗಿನ ಬೀಜ ತರುವುದಕ್ಕಿಂತ ಇಲ್ಲಿನ ಹೊಲಗಳಲ್ಲೇ ಒಳ್ಳೆಯ ಗಿಡ ಆರಿಸುವ ಹಾದಿ ಹಿಡಿದರು. ಈ ಕೆಲಸದಲ್ಲಿ ಜಿ.ಎಲ್. ಕೊಟ್ಟೂರ ಅವರ ಹೆಸರು ಮುಖ್ಯವಾದದ್ದು. ಧಾರವಾಡ-ಅಮೆರಿಕನ್ ಬೆರಕೆಯಿಂದ ಆರಿಸಿದ್ದು 'ಗದಗ-1'. ಜವಾರಿ ಕುಮಟಾದಿಂದ ಆರಿಸಿದ್ದು 'ಧಾರವಾಡ-1'. ಮುಂದೆ ಜವಾರಿ ವಂಶದಲ್ಲೇ ಸಂಕರ ಮಾಡಿ ಪಡೆದದ್ದು 'ಜಯವಂತ'. ಸೊರಗು ರೋಗ ತಾಳುವುದು ಇದರ ದೊಡ್ಡ ಗುಣ.

ಈ ಕಾಲದ ವಿಶೇಷವೆಂದರೆ ಬೀಜದ ಜತೆಗೆ ಮಾರಾಟದ ಏರ್ಪಾಡೂ ಬಂದದ್ದು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತ್ತು. 1910ರ ದಶಕದಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಮಾರಾಟಕ್ಕೆಂದೇ ಸಹಕಾರ ಸಂಘಗಳು ಆರಂಭವಾದವು. ಸುಧಾರಿಸಿದ ತಳಿಯ ಹತ್ತಿಯನ್ನು ಬೆರಕೆಯಾಗದಂತೆ ಪ್ರತ್ಯೇಕವಾಗಿ ಕೂಡಿಹಾಕಿ, ದರ್ಜೆ ಮಾಡಿ, ಹರಾಜಿನಲ್ಲಿ ಮಾರುವುದು ಇವುಗಳ ಕೆಲಸ. ಒಬ್ಬ ರೈತ ಎಷ್ಟೇ ಶುದ್ಧವಾದ ಬೀಜ ಬಿತ್ತಿದರೂ ದಲಾಲಿ ಅಂಗಡಿಯಲ್ಲಿ ಅದು ನೆರೆಯವನ ಬೆರಕೆ ಹತ್ತಿಯ ರಾಶಿಗೇ ಬಿದ್ದರೆ ಬೆರಕೆಯ ಬೆಲೆಯೇ ಸಿಗುತ್ತದೆ. ಗುಣಕ್ಕೆ ಬೆಲೆ ಸಿಗಬೇಕಾದರೆ ಗುಣ ಗುರುತಾಗಬೇಕು. ಆ ಗುರುತನ್ನು ಒಂಟಿ ರೈತ ಉಳಿಸಿಕೊಳ್ಳಲಾರ, ಸಂಘ ಉಳಿಸಬಲ್ಲದು.

1929ರ ನಂತರದ ಜಾಗತಿಕ ಕುಸಿತದಲ್ಲಿ ಹತ್ತಿಯ ಧಾರಣೆ ಪಾತಾಳಕ್ಕೆ ಇಳಿಯಿತು. ಭಾರತದ ಗಿಡ್ಡ ಎಳೆಯ ಹತ್ತಿಗೆ ದೊಡ್ಡ ಗಿರಾಕಿಯಾಗಿದ್ದ ಜಪಾನಿನ ಗಿರಣಿಗಳು 1933ರಲ್ಲಿ ಸುಂಕದ ಜಗಳದಿಂದ ಖರೀದಿಯನ್ನೇ ನಿಲ್ಲಿಸಿದವು. 1934ರ ಒಪ್ಪಂದದ ತನಕ ಅದು ಸರಿಹೋಗಲಿಲ್ಲ. ಇಂಥ ಕಾಲದಲ್ಲಿ ಉತ್ತಮ ತಳಿಗೆ ಸಿಗುವ ನಾಲ್ಕಾರು ರೂಪಾಯಿ ಹೆಚ್ಚಿನ ಬೆಲೆ, ರೋಗದಿಂದ ಉಳಿದ ನಾಲ್ಕಾರು ಸಾಲು ಗಿಡ ಬಹಳ ದೊಡ್ಡದಾಗಿ ಕಾಣುತ್ತವೆ. ಜಯವಂತ ಹೊಲದಿಂದ ಹೊಲಕ್ಕೆ ಹಬ್ಬಿತು. ಮುಂದೆ ಗದಗ-1 ಮತ್ತು ಕಾಂಬೋಡಿಯಾ ಹತ್ತಿಯ ಒಂದು ತಳಿಯನ್ನು ಕೂಡಿಸಿ ಪಡೆದ 'ಲಕ್ಷ್ಮಿ' ಅಮೆರಿಕನ್ ಜಾತಿಯ ಜಾಗ ಹಿಡಿಯಿತು. ರೈತರ ಸಂಕಟ ಇದರಿಂದ ತೀರಿತೆಂದಲ್ಲ. ಆದರೆ ಈ ತಳಿಗಳ ಬೀಜವನ್ನು ರೈತ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದಾಗಿತ್ತು. ಬದಲಾವಣೆಯ ಖರ್ಚು ಕಡಿಮೆ, ಸೋತರೆ ಆಗುವ ನಷ್ಟವೂ ಕಡಿಮೆ.

ವರಲಕ್ಷ್ಮಿಯ ವರ

1972. ಧಾರವಾಡದ ಕೃಷಿ ಸಂಶೋಧನಾ ಕ್ಷೇತ್ರದಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು ಹೊಸ ಸಂಕರಣ ಹತ್ತಿಯೊಂದನ್ನು ಬಿಡುಗಡೆ ಮಾಡಿದರು. ತಾಯಿ ನಮ್ಮ ಲಕ್ಷ್ಮಿ. ತಂದೆ ರಷ್ಯಾದಿಂದ ಬಂದ, ಈಜಿಪ್ಟಿನ ಹತ್ತಿಯ ಕುಲಕ್ಕೆ ಸೇರಿದ ಎಸ್‌ಬಿ-289ಇ. ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ವಾಣಿಜ್ಯ ಬೇಸಾಯಕ್ಕೆ ಸಂಕರಣ ಹತ್ತಿ ಪಡೆದದ್ದು ಜಗತ್ತಿನಲ್ಲೇ ಅದು ಮೊದಲು. ಎರಡು ವರ್ಷ ಹಿಂದೆ, 1970ರಲ್ಲಿ, ಸೂರತ್ತಿನಲ್ಲಿ ಸಿ.ಟಿ. ಪಟೇಲರು ಎಚ್-4 ಎಂಬ ಸಂಕರಣ ಹತ್ತಿಯನ್ನು ಕೊಟ್ಟಿದ್ದರು. ಆದರೆ ಧಾರವಾಡದ ವರಲಕ್ಷ್ಮಿಯ ಎಳೆ ಅದಕ್ಕಿಂತ ಉದ್ದ, ನಯ. ನಯವಾದ ನೂಲಿಗಾಗಿ ಈಜಿಪ್ಟ್, ಸುಡಾನ್‌ಗಳಿಂದ ಹತ್ತಿ ತರಿಸುತ್ತಿದ್ದ ದೇಶಕ್ಕೆ ಇದು ವರವೇ ಆಗಿತ್ತು.

ವರಕ್ಕೆ ಷರತ್ತುಗಳಿದ್ದವು. ಈ ಬೀಜವನ್ನು ಹೂವು ಹೂವಿಗೂ ಕೈಯಿಂದ ತಯಾರಿಸಬೇಕು. ಸಂಜೆ ಮೊಗ್ಗಿನ ಕೇಸರಗಳನ್ನು ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಸವರಬೇಕು. ಹೆಂಗಸರು, ಹುಡುಗಿಯರು ಬಗ್ಗಿ ನಿಂತು ಮಾಡುವ ಈ ಕೆಲಸದಿಂದ ಬೀಜದ ಬೆಲೆ ಏರಿತು. ಅದರ ಫಸಲಿನ ಕಾಳನ್ನು ಎತ್ತಿಟ್ಟು ಬಿತ್ತಿದರೆ ಗುಣ ಚದುರಿಹೋಗುತ್ತದೆ. ಪ್ರತಿ ವರ್ಷ ಹೊಸ ಬೀಜ ಕೊಳ್ಳಲೇಬೇಕು. ಜತೆಗೆ ಗೊಬ್ಬರ, ಔಷಧಿ, ನೀರು. ಜವಾರಿ ಹತ್ತಿ ಮಳೆ ನಂಬಿ ಎರೆಯ ತೇವದಲ್ಲಿ ಬೆಳೆಯುತ್ತಿತ್ತು. ವರಲಕ್ಷ್ಮಿಗೆ ಕಾಲುವೆ ಬೇಕು.

ಕಾಲುವೆಯೂ ಅದೇ ಹೊತ್ತಿಗೆ ಬಂತು. ಸವದತ್ತಿಯ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ನರಗುಂದ, ನವಲಗುಂದ ಭಾಗಕ್ಕೆ ನೀರು ಬಿಟ್ಟರು. ಜೋಳ, ಕುಸುಬಿ, ಜವಾರಿ ಹತ್ತಿಯ ನೆಲ ವರಲಕ್ಷ್ಮಿಯತ್ತ ಹೊರಳಿತು. ಮೊದಲ ವರ್ಷಗಳ ಧಾರಣೆ ಕಂಡು ರೈತರು ಬೆರಗಾದರು. ಸಾಲ ಸಿಕ್ಕಿತು, ಸಾಲ ತೀರಿಸುವ ಧೈರ್ಯವೂ ಇತ್ತು.

ಆದರೆ ಇಷ್ಟು ನಯವಾದ ಹತ್ತಿಯನ್ನು ನೂಲುವ ಗಿರಣಿಗಳು ಎಷ್ಟಿದ್ದಾವು? ಬೆಳೆ ಹೆಚ್ಚಿದಂತೆ ಗಿರಾಕಿ ಹೆಚ್ಚಲಿಲ್ಲ. ದಶಕದ ಕೊನೆಯ ಹೊತ್ತಿಗೆ ವರಲಕ್ಷ್ಮಿಯ ಧಾರಣೆ ಕುಸಿದಿತ್ತು. ಗಡಿಯಾಚೆ ಮಹಾರಾಷ್ಟ್ರದಲ್ಲಿ 1972ರಿಂದ ರಾಜ್ಯ ಸರ್ಕಾರವೇ ಹತ್ತಿ ಕೊಳ್ಳುವ ಏಕಸ್ವಾಮ್ಯ ಯೋಜನೆ ಇತ್ತು. ಕರ್ನಾಟಕದ ರೈತನಿಗೆ ಅಂಥ ಆಸರೆ ಇರಲಿಲ್ಲ. ಗೊಬ್ಬರದ ಬೆಲೆ ಏರಿತ್ತು. ಅದರ ಜತೆಗೆ ನೀರಿನ ಕರದ ಬಾಕಿ, ಮೇಲೆ ಅಭಿವೃದ್ಧಿ ಕರ. ನೀರಾವರಿಯಿಂದ ಜಮೀನಿನ ಬೆಲೆ ಏರಿದೆ, ಆ ಏರಿಕೆಯಲ್ಲಿ ಒಂದು ಪಾಲನ್ನು ಸರ್ಕಾರಕ್ಕೆ ಕೊಡಬೇಕು ಎಂಬುದು ಅದರ ತರ್ಕ. ಕಾಲುವೆಯ ಕೊನೆಯ ಹೊಲಗಳಿಗೆ ನೀರೇ ಸರಿಯಾಗಿ ಬಂದಿರಲಿಲ್ಲ. ಕೆಲವು ಎರೆ ಹೊಲಗಳು ನೀರು ನಿಂತು ಸವುಳಾಗಿದ್ದವು. 1870ರ ದಶಕದ ಜೋಡಿ ಇಲ್ಲಿ ಮತ್ತೆ ಬಂತು: ಏರಿದ ಕಾಲದ ಲೆಕ್ಕ, ಇಳಿದ ಕಾಲದ ವಸೂಲಿ.

ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ಕರ ನಿರಾಕರಿಸಿದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಚಳವಳಿ ಸ್ಫೋಟಿಸಿತು. ಗೋಲಿಬಾರಿನಲ್ಲಿ ರೈತರು ಸತ್ತರು. ಉದ್ರಿಕ್ತ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಕಿಡಿ ರಾಜ್ಯಕ್ಕೆಲ್ಲ ಹಬ್ಬಿತು. ಸರ್ಕಾರ ಹಲವು ರಿಯಾಯಿತಿ ಘೋಷಿಸಬೇಕಾಯಿತು. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮುಂತಾದವರ ಮುಂದಾಳುತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. 1983ರ ಚುನಾವಣೆಯಲ್ಲಿ ಗುಂಡೂರಾಯರ ಸರ್ಕಾರ ಸೋತದ್ದಕ್ಕೆ ರೈತರ ಸಿಟ್ಟೂ ಒಂದು ಕಾರಣ. ಇಷ್ಟಕ್ಕೆಲ್ಲ ಹತ್ತಿಯ ಧಾರಣೆ ಒಂದೇ ಕಾರಣವೆಂದರೆ ತಪ್ಪಾದೀತು. ಆದರೆ ಧಾರಣೆ ನಿಂತಿದ್ದರೆ ಕರದ ಭಾರ ಅಷ್ಟು ಅಸಹನೀಯವಾಗುತ್ತಿರಲಿಲ್ಲ.

ಮತ್ತೊಂದು ಬೀಜ

ಆಮೇಲೆ ಏನಾಯಿತು? ಬೀಜ ಬದಲಾಯಿತು. 1981ರಲ್ಲಿ ಕಟರ್ಕಿ ಅವರೇ ಡಿಸಿಎಚ್-32 ಎಂಬ ಇನ್ನೊಂದು ಸಂಕರಣ ಹತ್ತಿ ಕೊಟ್ಟರು. ಸರ್ಕಾರಿ ಹೆಸರು ಜಯಲಕ್ಷ್ಮಿ. ರೈತರ ಬಾಯಲ್ಲಿ ಡಿಸಿಎಚ್. ವರಲಕ್ಷ್ಮಿ ಬಿಟ್ಟವರು ಅದನ್ನು ಹಿಡಿದರು. ಅದಕ್ಕೂ ಒಳ್ಳೆಯ ಧಾರಣೆಯ ವರ್ಷಗಳು ಬಂದವು, ಕಾಯಿಕೊರಕದ ವರ್ಷಗಳೂ ಬಂದವು. ಔಷಧಿಯ ಖರ್ಚು ಹತ್ತಿಯ ಹಣವನ್ನು ನುಂಗತೊಡಗಿತು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಾಗ ರೈತರು ಅದರತ್ತ ಧಾವಿಸಿದ್ದು ಈ ಹಿನ್ನೆಲೆಯಲ್ಲಿ. ಹತ್ತು-ಹನ್ನೆರಡು ವರ್ಷಗಳಲ್ಲಿ ದೇಶದ ಹತ್ತಿ ಹೊಲಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಬಿಟಿಯಾಯಿತು. ಕೆಲವು ವರ್ಷ ಔಷಧಿಯ ಖರ್ಚು ಇಳಿಯಿತು. ಗುಲಾಬಿ ಕಾಯಿಕೊರಕ ಆ ವಿಷಕ್ಕೂ ಒಗ್ಗಿಕೊಂಡ ಮೇಲೆ ಖರ್ಚು ಮತ್ತೆ ಏರಿತು. ಹಿಂದೆ ಜವಾರಿಗೆ ಮರಳಿದಂತೆ ಈಗ ಮರಳಬೇಕೆಂದರೆ ಬೀಜ ಎಲ್ಲಿದೆ? ಒಂದು ಕಾಲಕ್ಕೆ ಲಕ್ಷಾಂತರ ಎಕರೆಯಲ್ಲಿದ್ದ ಜವಾರಿ ಹತ್ತಿಯ ಬೀಜವನ್ನು ಇಂದು ಹುಡುಕಿಕೊಂಡು ಹೋಗಬೇಕು. ಹೀಗಾಗಿ ಧಾರಣೆ ಬಿದ್ದ ವರ್ಷ ಈ ಭಾಗದ ರೈತ ತಳಿಯನ್ನಲ್ಲ, ಬೆಳೆಯನ್ನೇ ಬದಲಿಸುತ್ತಾನೆ. ಗೋವಿನಜೋಳ, ಹೆಸರು, ಕಡಲೆ, ಉಳ್ಳಾಗಡ್ಡಿ ಸರದಿಯ ಮೇಲೆ ಬರುತ್ತವೆ. ಅವುಗಳ ಧಾರಣೆಯೂ ಸರದಿಯ ಮೇಲೆ ಬೀಳುತ್ತದೆ.

ಈ ಉದ್ದನೆಯ ಕಥೆಯಲ್ಲಿ ರೈತ ಮೂಢನಾಗಿ ಕಾಣುವುದಿಲ್ಲ. ಪ್ರತಿ ಸಲವೂ ಅವನು ತನಗೆ ಗೊತ್ತಿದ್ದ ಲೆಕ್ಕದ ಪ್ರಕಾರ ಸರಿಯಾದದ್ದನ್ನೇ ಮಾಡಿದ್ದಾನೆ. ತಳಿ ಕಂಡುಹಿಡಿದವರದೂ ತಪ್ಪಲ್ಲ. ಜಯವಂತವಾಗಲಿ, ವರಲಕ್ಷ್ಮಿಯಾಗಲಿ ಹೆಮ್ಮೆಪಡತಕ್ಕ ಸಾಧನೆಗಳೇ. ಆದರೆ ಬೀಜಕ್ಕೆ ಒಂದು ಮಿತಿಯಿದೆ. ಅದು ಎಳೆಯನ್ನು ಉದ್ದ ಮಾಡಬಲ್ಲದು, ರೋಗವನ್ನು ತಡೆಯಬಲ್ಲದು; ಪೇಟೆಯನ್ನು ಕಟ್ಟಲಾರದು. ಸಹಕಾರ ಸಂಘಗಳ ಜತೆಗೆ ಬಂದ ತಳಿ ಕುಸಿತದ ಕಾಲದಲ್ಲೂ ರೈತನಿಗೆ ಒಂದಿಷ್ಟು ಆಧಾರವಾಯಿತು. ಒಂಟಿಯಾಗಿ ಬಂದ ತಳಿ, ಅದೆಷ್ಟೇ ಶ್ರೇಷ್ಠವಾಗಿರಲಿ, ಅವನನ್ನು ದಲಾಲಿ ಅಂಗಡಿಯ ಮೆಟ್ಟಿಲ ಮೇಲೆ ಬಿಟ್ಟುಹೋಯಿತು. ಬೀಜವನ್ನು ಒಂದು ಹಂಗಾಮಿನಲ್ಲಿ ಬದಲಿಸಬಹುದು. ಸಾಲವನ್ನು ಹಾಗೆ ಬದಲಿಸಲು ಬರುವುದಿಲ್ಲ.

ನರಗುಂದ, ನವಲಗುಂದಗಳಲ್ಲಿ ಸತ್ತ ರೈತರಿಗೆ ವೀರಗಲ್ಲುಗಳಿವೆ. ಪ್ರತಿ ವರ್ಷ ಜುಲೈ 21ರಂದು ಅಲ್ಲಿ ಮಾಲೆ ಹಾಕುತ್ತಾರೆ, ಭಾಷಣಗಳಾಗುತ್ತವೆ. ಆ ಹೊತ್ತಿಗೆ ಸುತ್ತಲಿನ ಎರೆ ಹೊಲಗಳಲ್ಲಿ ಮುಂಗಾರಿ ಪೈರು ಎದ್ದಿರುತ್ತದೆ. ಮಾಲೆ ಹಾಕಿ ಊರಿಗೆ ಮರಳುವವರು ದಾರಿಯಲ್ಲಿ ಆಡುವ ಮಾತು ಹಿಂದಿನ ಸಲ ಯಾವುದಕ್ಕೆ ಧಾರಣೆ ಬಿತ್ತು, ಮುಂದಿನ ಸಲ ಏನು ಬಿತ್ತಬೇಕು ಎಂಬುದೇ.